ಮುಂದಿನ ಬಂಪರ್ ಬಿಚ್ಚಿ ಜಾಳಿ ಕೂರಿಸಿದ್ದು: ನನ್ನ ಅನುಭವ

ಕಲಬುರಗಿಯಿಂದ ಸೇಡಂ ಕಡೆ ಗಾಡಿ ಓಡಿಸುವವರಿಗೆ ಗೊತ್ತು, ಸಿಮೆಂಟ್ ಲಾರಿಗಳ ಹಿಂದೆ ಸಿಕ್ಕರೆ ಖಡಿ ಸಿಡಿಯುತ್ತಲೇ ಇರುತ್ತದೆ. ಕಾರಿನ ಬಂಪರ್ ಹಿಂದೆ, ರೇಡಿಯೇಟರ್‌ಗಿಂತ ಮುಂದೆ, ಎಸಿ ಕಂಡೆನ್ಸರ್, ಅಂದರೆ ಎಸಿ ಗ್ಯಾಸನ್ನು ತಣ್ಣಗೆ ಮಾಡುವ ಭಾಗ, ಇರುತ್ತದೆ. ಅದರ ಅಲ್ಯೂಮಿನಿಯಂ ಪಟ್ಟಿಗಳು ಉಗುರು ತಾಗಿದರೂ ಬಾಗುವಷ್ಟು ತೆಳು. ಕೊಳವೆಗೆ ಕಲ್ಲು ಬಡಿದು ತೂತಾದರೆ ಗ್ಯಾಸ್ ಪೂರ್ತಿ ಸೋರಿಹೋಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮೂರಲ್ಲಿ ಎಸಿ ಕೈಕೊಟ್ಟರೆ ವಯಸ್ಸಾದವರನ್ನು ಕರ್ಕೊಂಡು ಹೋಗೋದು ಹೇಗೆ? ಅದಕ್ಕೇ ಕೆಳಗಿನ ಗ್ರಿಲ್ ಒಳಗೆ ಜಾಳಿ ಹಾಕಲು ಮನೆ ಅಂಗಳದಲ್ಲೇ ಬಂಪರ್ ಬಿಚ್ಚಿದೆ.

ಬಂಪರ್ ಮುಂದೆ ಕಬ್ಬಿಣದ ಗಾರ್ಡ್ ಹಾಕಿಸಿ ಅಂದವರೂ ಇದ್ದರು. ಅದು ಬೇಡವೇ ಬೇಡ. 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಇಲಾಖೆ ಅದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ವಿರುದ್ಧ ಅಂತ ಹೇಳಿದೆ. ನಡೆದು ಹೋಗುವವರಿಗೆ ತಗುಲಿದರೆ ಪೆಟ್ಟು ಜೋರಾಗುತ್ತದೆ, ಒಳಗೆ ಕೂತವರಿಗೂ ಅಪಾಯ.

ಬೇಕಾದ ಸಾಮಾನು ಕಡಿಮೆ: 10 ನಂಬರ್ ಪಾನಾ, ಎರಡು ಥರದ ಸ್ಕ್ರೂಡ್ರೈವರ್, ಮಾಸ್ಕಿಂಗ್ ಟೇಪ್, ಒಂದಷ್ಟು ಹೊಸ ಪ್ಲಾಸ್ಟಿಕ್ ಕ್ಲಿಪ್, ಹಾಸಲು ಹಳೆ ಕೌದಿ. ಜೊತೆಗೊಬ್ಬರು ಬೇಕೇ ಬೇಕು. ಪಕ್ಕದ ಮನೆ ಹುಡುಗ ಬಂದ.

ಮೊದಲು ಚಕ್ರದ ಗೂಡಿನೊಳಗಿನ ಸ್ಕ್ರೂ. ಎಡಗಡೆಯದು ಬಿಚ್ಚಬೇಕಾದರೆ ಸ್ಟೇರಿಂಗ್ ಪೂರ್ತಿ ಬಲಕ್ಕೆ ತಿರುಗಿಸಿ, ಆಗ ಟೈರಿನ ಮುಂದೆ ಕೈ ಹಾಕಲು ಜಾಗ ಸಿಗುತ್ತದೆ. ಬಲಗಡೆಗೆ ಇದರ ಉಲ್ಟಾ. ಇದು ಮುಗಿದ ಮೇಲೆ ಕೀಲಿ ತೆಗೆದು ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ, ಸ್ವಲ್ಪ ಹೊತ್ತು ಬಿಡಿ. ಯಾಕೆಂದರೆ ಏರ್‌ಬ್ಯಾಗ್ ಇರುವ ಗಾಡಿಗಳಲ್ಲಿ ಮುಂಭಾಗದಲ್ಲೂ ಸೆನ್ಸರ್ ಇರಬಹುದು. ಕೆಲವು ಗಾಡಿಗಳಲ್ಲಿ ಎಂಜಿನ್ ಆರಿಸಿದ ಮೇಲೂ ಫ್ಯಾನ್ ತಿರುಗಬಹುದು.

ಕೆಳಗಿನ ಬೋಲ್ಟುಗಳೇ ಕಾಟ ಕೊಡುವುದು. ಎರಿ ಮಣ್ಣು ಮೆತ್ತಿಕೊಂಡು ಒಣಗಿ, ಬೋಲ್ಟಿನ ತಲೆ ಎಲ್ಲಿದೆ ಅನ್ನೋದೇ ಕಾಣೋದಿಲ್ಲ. ನೀರು ಹಾಕಿ ಹಳೆ ಬ್ರಷ್‌ನಿಂದ ತಿಕ್ಕಿದೆ, ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಬಿಟ್ಟೆ, ಆಮೇಲೆ ಪಾನಾ ಹಾಕಿದೆ. ಮೇಲೆ, ಬಾನೆಟ್ ಎತ್ತಿದರೆ ಕಾಣುವ ಕ್ಲಿಪ್‌ಗಳದ್ದು ಬೇರೆ ಕಥೆ. ಅದರ ನಡುವಿನ ಪಿನ್ ಮಾತ್ರ ಮೊದಲು ಎತ್ತಬೇಕು, ಆಮೇಲೆ ಇಡೀ ಕ್ಲಿಪ್ ತಾನೇ ಸಡಿಲಾಗುತ್ತದೆ. ಒಂದೇ ಸಲ ಮೀಟಿದರೆ ಕಾಲು ಮುರಿಯುತ್ತದೆ. ರಟ್ಟಿನ ಮೇಲೆ ಬಂಪರ್ ಚಿತ್ರ ಬರೆದು, ಬಿಚ್ಚಿದ ಸ್ಕ್ರೂಗಳನ್ನು ಅವುಗಳ ಜಾಗದಲ್ಲೇ ಚುಚ್ಚಿಟ್ಟೆ. ಯಾಕೆಂದರೆ ಉದ್ದ, ದಪ್ಪ ಎಲ್ಲಾ ಒಂದೇ ಇರೋದಿಲ್ಲ.

ಈಗ ಎಳೆಯುವುದು. ಫೆಂಡರ್ (ಚಕ್ರದ ಮೇಲಿನ ತಗಡು) ಅಂಚಿಗೆ ಟೇಪ್ ಅಂಟಿಸಿ, ಚಕ್ರದ ಕಡೆ ಮೂಲೆ ಹಿಡಿದು ಹೊರಗೆ ಜಗ್ಗಿದೆ. ಟಕ್ ಟಕ್ ಅಂತ ಲಾಕ್ ಬಿಟ್ಟವು. ನಡುವೆ ಒಂದು ಕಡೆ ಬರಲಿಲ್ಲ. "ಕಾಕಾ, ಜಗ್ಗಬ್ಯಾಡ್ರಿ, ಒಳಗ ಇನ್ನೊಂದು ಸ್ಕ್ರೂ ಅದ" ಅಂದ ಹುಡುಗ. ಟಾರ್ಚ್ ಬಿಟ್ಟು ನೋಡಿದರೆ ಹೆಡ್‌ಲೈಟ್ ಕೆಳಗೆ ನಿಜವಾಗಿಯೂ ಇತ್ತು. ಇಡೀ ಕೆಲಸದಲ್ಲಿ ಗೊತ್ತಿರಬೇಕಾದ ಮಾತು ಇದೊಂದೇ: ಬಂಪರ್ ಬರುತ್ತಿಲ್ಲ ಅಂದರೆ ಶಕ್ತಿ ಸಾಲದೆ ಅಲ್ಲ, ಎಲ್ಲೋ ಒಂದು ಸ್ಕ್ರೂ ಉಳಿದಿದೆ ಅಂತ. ಸ್ವಲ್ಪ ಬಿಸಿಲು ಬಿದ್ದ ಮೇಲೆ ಮಾಡಿದರೆ ಪ್ಲಾಸ್ಟಿಕ್ ಮೆತ್ತಗಿದ್ದು ಬಾಗುತ್ತದೆ, ಡಿಸೆಂಬರ್ ಚಳಿಯಲ್ಲಿ ಬೆಳಗ್ಗೆಯೇ ಕೈ ಹಾಕಿದರೆ ಲಾಕ್ ಮುರಿಯುವ ಸಾಧ್ಯತೆ ಜಾಸ್ತಿ.

ಬಿಟ್ಟ ತಕ್ಷಣ ಮುಂದೆ ಎಳೆದುಕೊಳ್ಳಬೇಡಿ. ಫಾಗ್ ಲ್ಯಾಂಪ್ ವೈರ್ ಗಿಡ್ಡ ಇರುತ್ತದೆ. ಒಬ್ಬರು ಬಂಪರ್ ಹಿಡಿದಿರಲಿ, ಇನ್ನೊಬ್ಬರು ಕನೆಕ್ಟರ್ ಲಾಕ್ ಒತ್ತಿ ಬಿಚ್ಚಲಿ. ಆಮೇಲೆ ಅಂಗಳದ ಫರಸಿ ಮೇಲೆ ಕೌದಿ ಹಾಸಿ ಮಲಗಿಸಿದೆವು.

ಒಳಗೆ ನೋಡಿದರೆ ಕಂಡೆನ್ಸರ್ ತುಂಬಾ ತೊಗರಿ ಹೊಟ್ಟು! ರಾಶಿ ಸಮಯದಲ್ಲಿ ರಸ್ತೆ ಮೇಲೆ ಒಣಹಾಕಿದ್ದರ ಮೇಲೆಯೇ ಗಾಡಿ ಹೋಗುತ್ತದೆ ಅಲ್ವಾ, ಅದೇ. ಪೈಪಿನ ನೀರನ್ನು ಮೆಲ್ಲಗೆ ಬಿಟ್ಟು ತೊಳೆದೆ. ಜೋರು ಪ್ರೆಶರ್ ಹೊಡೆದರೆ ಪಟ್ಟಿಗಳು ಮಡಚಿಕೊಳ್ಳುತ್ತವೆ.

ಜಾಳಿ ಆರಿಸುವಾಗ ಸೊಳ್ಳೆ ಪರದೆಯಂಥದ್ದು ತರಬೇಡಿ. ಗಾಳಿ ಕಟ್ಟಿದರೆ ಎಸಿ ತಂಪು ಕಡಿಮೆಯಾಗುತ್ತದೆ, ಎಂಜಿನ್ ಬಿಸಿಯಾಗುತ್ತದೆ. ನಾನು ಕಡಲೆ ಕಾಳು ದಾಟುವಷ್ಟು ಕಣ್ಣಿನ ಅಲ್ಯೂಮಿನಿಯಂ ಜಾಳಿ ತಂದೆ. ಅಂಚು ಮಡಚಿ, ಗ್ರಿಲ್ ಒಳಮೈಗೆ ಕರಿ ಕೇಬಲ್ ಟೈಗಳಿಂದ ಬಿಗಿದೆ. ಕಂಡೆನ್ಸರ್‌ಗೆ ಅದು ತಾಗಬಾರದು. ಬಂಪರ್ ಹಿಂದಿನ ಫೋಮ್, ಕಬ್ಬಿಣದ ಅಡ್ಡಪಟ್ಟಿ ಕೊಯ್ಯುವುದು, ತೂತು ಕೊರೆಯುವುದು ಮಾತ್ರ ಮಾಡಲೇಬೇಡಿ. ಡಿಕ್ಕಿಯಾದಾಗ ಪೆಟ್ಟು ತಿನ್ನುವುದು ಅವೇ.

ವಾಪಸ್ ಕೂರಿಸುವಾಗ ಮೊದಲು ವೈರ್, ಆಮೇಲೆ ಎರಡೂ ಬದಿ ಲಾಕ್. ಸ್ಕ್ರೂಗಳನ್ನು ಎಲ್ಲಾ ಕಡೆ ಕೈಯಲ್ಲೇ ಸುಮ್ನೆ ಕಚ್ಚಿಸಿ, ಹೆಡ್‌ಲೈಟ್ ಮತ್ತು ಬಾನೆಟ್ ಸಂದು ಎರಡೂ ಕಡೆ ಸಮ ಇದೆಯಾ ನೋಡಿ, ಕೊನೆಗೆ ಬಿಗಿ ಮಾಡಿದೆ. ಬ್ಯಾಟರಿ ಜೋಡಿಸಿ ಲೈಟು, ಹಾರ್ನ್ ನೋಡಿದೆ. ಏರ್‌ಬ್ಯಾಗ್ ದೀಪ ಹತ್ತಿ ಆರಿತು. ಮಧ್ಯಾಹ್ನದ ಬಿಸಿಲಲ್ಲಿ ಎಸಿ ಹಾಕಿ ಸೇಡಂ ರಸ್ತೆಯಲ್ಲಿ ಓಡಿಸಿದೆ, ಟೆಂಪರೇಚರ್ ಮುಳ್ಳು ಮೊದಲಿದ್ದ ಜಾಗದಲ್ಲೇ ನಿಂತಿತ್ತು. ಈಗ ಗಾಡಿ ತೊಳೆದಾಗೆಲ್ಲ ಜಾಳಿಗೂ ಬ್ರಷ್ ಹಾಕುತ್ತೇನೆ.