ನೆರಳಿನ ಹಿತ್ತಿಲಲ್ಲಿ ಮೇಡನ್‌ಹೇರ್ ಜರೀಗಿಡ

ಮಳೆಗಾಲದಲ್ಲಿ ಕರಾವಳಿಯ ಹಳೆಯ ಬಾವಿಗಳ ಒಳಗೆ ಬಗ್ಗಿ ನೋಡಿದರೆ, ಜಂಬಿಟ್ಟಿಗೆಯ ಸಂದುಗಳಿಂದ ಕಪ್ಪು ತಂತಿಯಂಥ ಕಡ್ಡಿಗಳ ಮೇಲೆ ತೂಗುವ ಎಳೆಹಸಿರು ಗರಿಗಳು ಕಾಣುತ್ತವೆ. ಇವು ಮೇಡನ್‌ಹೇರ್ ಜರೀಗಿಡಗಳು. ಸಸ್ಯಶಾಸ್ತ್ರದಲ್ಲಿ ಅಡಿಯಾಂಟಮ್ ಎನ್ನುವ ಈ ಬಳಗಕ್ಕೆ ನಮ್ಮ ಹಂಸಪದಿಯೂ ಸೇರಿದ್ದು. ನರ್ಸರಿಗಳಲ್ಲಿ ಮೇಡನ್‌ಹೇರ್ ಎಂದು ಸಿಗುವುದು ಬಹುಮಟ್ಟಿಗೆ ದಕ್ಷಿಣ ಅಮೆರಿಕ ಮೂಲದ ಅಡಿಯಾಂಟಮ್ ರಾಡಿಯಾನಮ್. ನೇರ ಬಿಸಿಲಿಲ್ಲದ ಬೆಳಕು, ತೇವ ತುಂಬಿದ ಗಾಳಿ, ಒಸರುತ್ತಲೇ ಇದ್ದರೂ ಎಲ್ಲಿಯೂ ನಿಲ್ಲದ ನೀರು, ಈ ಮೂರನ್ನೂ ಬಾವಿ ಒಟ್ಟಿಗೆ ಒದಗಿಸುತ್ತದೆ. ಹಿತ್ತಿಲಲ್ಲಿ ನಾವು ಮಾಡಬೇಕಾದ ಕೆಲಸವೂ ಅಷ್ಟೇ.

ಮೊದಲು ಜಾಗವನ್ನು ಆರಿಸಿಕೊಳ್ಳಬೇಕು. ಮನೆಯ ಉತ್ತರದ ಗೋಡೆಯ ಬುಡ, ಮಾವಿನ ಮರದ ಅಡಿ, ನೀರಿನ ತೊಟ್ಟಿಯ ಪಕ್ಕ, ಇವೆಲ್ಲ ಒಳ್ಳೆಯ ಜಾಗಗಳು. ಬೆಳಗಿನ ಎಳೆಬಿಸಿಲು ಸ್ವಲ್ಪ ಹೊತ್ತು ಬಿದ್ದರೆ ತೊಂದರೆಯಿಲ್ಲ, ಮಧ್ಯಾಹ್ನದ ಬಿಸಿಲು ತಾಗಿದರೆ ಗರಿಗಳು ಸುಟ್ಟುಹೋಗುತ್ತವೆ. ಬಿಸಿಲಿಗಿಂತಲೂ ಹೆಚ್ಚು ಗಿಡಗಳನ್ನು ಕೊಲ್ಲುವುದು ಒಣಗಾಳಿ ಎಂಬುದು ನನ್ನ ಅನುಭವ. ಬೆಂಗಳೂರಿನ ಮಾರ್ಚ್ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ಓಣಿಯಂತೆ ಗಾಳಿ ನುಗ್ಗುವ ಮೂಲೆಯಲ್ಲಿಟ್ಟ ಗಿಡವನ್ನು ಎಷ್ಟು ನೀರು ಹಾಕಿದರೂ ಉಳಿಸಿಕೊಳ್ಳುವುದು ಕಷ್ಟ.

ಚೆನ್ನಾಗಿ ಕೊಳೆತ ತರಗೆಲೆಯ ಗೊಬ್ಬರ ಎರಡು ಪಾಲು, ಕೆಂಪು ಮಣ್ಣು ಒಂದು ಪಾಲು, ದಪ್ಪ ಮರಳು ಅಥವಾ ಇಟ್ಟಿಗೆ ಚೂರು ಒಂದು ಪಾಲು ಬೆರೆಸಿ, ಒಂದು ಹಿಡಿ ಇದ್ದಿಲ ಚೂರು ಸೇರಿಸಬೇಕು. ತೆಂಗಿನ ನಾರಿನ ಪುಡಿಯನ್ನು ಬಳಸುವವರು ಅದರ ಉಪ್ಪು ಹೋಗುವಂತೆ ಎರಡು ಮೂರು ಸಲ ತೊಳೆದುಕೊಳ್ಳಬೇಕು. ನೆಡುವಾಗ ಗರಿಗಳು ಹೊರಡುವ ಬುಡದ ಗಂಟು ಮಣ್ಣಿನ ಮಟ್ಟದಲ್ಲೇ ಇರಲಿ. ಅದನ್ನು ಹೂತರೆ ಕೊಳೆಯುತ್ತದೆ. ಗಿಡವನ್ನು ನರ್ಸರಿಯಿಂದಲೇ ತನ್ನಿ. ಘಟ್ಟದ ಕಾಡಿನಿಂದ ಕಿತ್ತು ತಂದರೆ ಕಾಡಿಗೂ ನಷ್ಟ, ಗಿಡವೂ ಬದುಕುವುದು ಅಪರೂಪ.

ನೀರಿನ ವಿಷಯದಲ್ಲಿ ಹೆಚ್ಚಿನ ಗಮನ ಬೇಕು. ಮೇಡನ್‌ಹೇರ್‌ನ ಮಣ್ಣು ಒಂದೇ ಒಂದು ದಿನ ಪೂರ್ತಿ ಒಣಗಿದರೂ ಗರಿಗಳು ಮುರುಟಿ ಕಾಗದದಂತಾಗುತ್ತವೆ, ಮತ್ತೆ ನೀರುಣಿಸಿದರೂ ಆ ಗರಿಗಳು ಬಿಚ್ಚಿಕೊಳ್ಳುವುದಿಲ್ಲ. ಆದ್ದರಿಂದ ದಿನವೂ ಬೆಳಿಗ್ಗೆ ಬೆರಳಿನಿಂದ ಮಣ್ಣನ್ನು ಮುಟ್ಟಿ ನೋಡಿ, ಮೇಲ್ಮೈ ಒಣಗುವ ಮುನ್ನವೇ ಬುಡಕ್ಕೆ ನೀರು ಹಾಕಬೇಕು. ಗರಿಗಳ ಮೇಲೆ ನೀರು ಚಿಮುಕಿಸುವುದರಿಂದ ಸಿಗುವ ತೇವ ಕೆಲವೇ ನಿಮಿಷಗಳದ್ದು. ಅವುಗಳ ಮೇಲೆ ಬಿದ್ದ ಹನಿ ಕೆಸುವಿನ ಎಲೆಯ ಮೇಲಿನಂತೆ ಅಂಟದೆ ಜಾರಿಹೋಗುತ್ತದೆ. ಅದಕ್ಕಿಂತ ಹರಳುಕಲ್ಲು ತುಂಬಿ ನೀರು ಹಾಕಿದ ಅಗಲ ತಟ್ಟೆಯ ಮೇಲೆ, ಕುಂಡದ ತಳ ನೀರಿಗೆ ತಾಗದಂತೆ ಇಡುವುದು ಮತ್ತು ನಾಲ್ಕಾರು ಗಿಡಗಳನ್ನು ಒತ್ತಾಗಿ ಜೋಡಿಸುವುದು ಮೇಲು. ಕೊಳವೆ ಬಾವಿಯ ಗಡಸು ನೀರಿನ ಉಪ್ಪು ಮಣ್ಣಿನಲ್ಲಿ ಕೂಡುತ್ತಾ ಹೋದಂತೆ ಗರಿಗಳ ಅಂಚು ಕಂದಾಗುತ್ತದೆ. ಸಾಧ್ಯವಿದ್ದಷ್ಟು ಮಳೆನೀರನ್ನು ಹಿಡಿದಿಟ್ಟುಕೊಳ್ಳಿ.

ಊರಿಗೆ ಹೋಗಿ ಬರುವಷ್ಟರಲ್ಲಿ ಗಿಡ ಪೂರ್ತಿ ಒಣಗಿದ್ದರೆ ದಯವಿಟ್ಟು ಎಸೆಯಬೇಡಿ. ನಾನೂ ಹೀಗೆ ಒಣಗಿದ್ದ ಒಂದು ಕುಂಡದ ಗರಿಗಳನ್ನೆಲ್ಲ ಬುಡದವರೆಗೆ ಕತ್ತರಿಸಿ, ಮಣ್ಣನ್ನು ಹಸಿಯಾಗಿಟ್ಟು, ನೆರಳಿನಲ್ಲಿ ಬಿಟ್ಟಿದ್ದೆ. ಮೂರನೆಯ ವಾರದಲ್ಲಿ ಬುಡದ ಗಂಟಿನಿಂದ ಸುರುಳಿ ಸುತ್ತಿಕೊಂಡ, ನಸುಗೆಂಪು ಬಣ್ಣದ, ಗುಂಡುಸೂಜಿಯ ತಲೆಯಷ್ಟು ಚಿಕ್ಕ ಮೊಳಕೆಗಳು ಎದ್ದವು.

ಗೊಬ್ಬರ ಹೆಚ್ಚು ಬೇಡ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಒಂದು ಚಿಟಿಕೆ ಎರೆಗೊಬ್ಬರ ಸಾಕು. ಬಸವನಹುಳುಗಳನ್ನು ರಾತ್ರಿ ಟಾರ್ಚ್ ಹಿಡಿದು ಆರಿಸಿ ತೆಗೆಯಬೇಕು. ಎಣ್ಣೆಯ ಅಂಶವಿರುವ ಕೀಟನಾಶಕಗಳು ಈ ತೆಳು ಗರಿಗಳನ್ನು ಸುಡಬಹುದಾದ್ದರಿಂದ ಬೇವಿನೆಣ್ಣೆಯನ್ನೂ ಮೊದಲು ಒಂದೇ ಗರಿಗೆ ಹಚ್ಚಿ ನೋಡಿ. ಗರಿಯ ಅಂಚು ಮಡಚಿಕೊಂಡು ಅಲ್ಲಿ ಸಾಲಾಗಿ ಕಂದು ಗುರುತುಗಳು ಕಂಡರೆ ರೋಗವೆಂದು ಹೆದರುವವರು ಹಲವರು. ಗಿಡದ ಬೀಜಕಗಳು, ಅಂದರೆ ಜರೀಗಿಡಗಳಲ್ಲಿ ಬೀಜದ ಬದಲಿಗಿರುವ ಧೂಳಿನಂಥ ಕಣಗಳು, ಇರುವುದು ಆ ಮಡಿಕೆಗಳ ಒಳಗೆ.

ಸಸಿ ಹೆಚ್ಚಿಸಲು ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಬುಡವನ್ನು ಬೇರುಸಹಿತ ಎರಡಾಗಿ ಸೀಳಿ ನೆಡುವುದು ಸುಲಭ. ತಾಳ್ಮೆಯಿದ್ದವರು ಬೀಜಕಗಳನ್ನೂ ಬಿತ್ತಬಹುದು. ಕಂದು ಗುರುತುಗಳಿರುವ ಗರಿಯನ್ನು ಬಿಳಿ ಕಾಗದದಲ್ಲಿ ಮಡಚಿಟ್ಟರೆ ಎರಡು ದಿನಗಳಲ್ಲಿ ನಶ್ಯದಂಥ ಪುಡಿ ಉದುರುತ್ತದೆ. ಕುದಿಯುವ ನೀರಿನಲ್ಲಿ ಅದ್ದಿ ತಣಿಸಿದ ಇಟ್ಟಿಗೆ ಚೂರನ್ನು ನೀರಿರುವ ತಟ್ಟೆಯಲ್ಲಿಟ್ಟು, ಅದರ ಮೇಲೆ ಈ ಪುಡಿಯನ್ನು ತೆಳ್ಳಗೆ ಉದುರಿಸಿ, ಗಾಜಿನ ಪಾತ್ರೆಯನ್ನು ಮುಚ್ಚಿಡಿ. ಕೆಲವು ವಾರಗಳಲ್ಲಿ ಹಸಿರು ಪೊರೆ ಮೂಡಿ, ಹೃದಯದ ಆಕಾರದ ಚಿಕ್ಕ ಹಾಳೆಗಳಾಗುತ್ತವೆ. ಗರ್ಭಕಟ್ಟಲು ಅವುಗಳ ಮೇಲೆ ನೀರಿನ ತೆಳುಪದರ ಇರಲೇಬೇಕಾದ್ದರಿಂದ ಮುಚ್ಚಳವನ್ನು ಆಗ ತೆಗೆಯಬಾರದು. ಒಂದೊಂದು ಹಾಳೆಯಿಂದಲೂ ಮೊದಲ ಕಿರುಗರಿ ತಲೆಯೆತ್ತಿದ ಮೇಲೆ ದಿನಕ್ಕಿಷ್ಟಿಷ್ಟೇ ಸರಿಸುತ್ತಾ ಹೊರಗಿನ ಗಾಳಿಗೆ ರೂಢಿ ಮಾಡಿಸಿ.