ಅನಿಮೇಷನ್‌ಗೆ ಸೌಂಡ್ ಹಾಕ್ಬೇಕಾ? ಮೊದ್ಲು ಅಡಗಿ ಮನಿಗಿ ಹೋಗ್ರಿ

ನಮ್ಮ ಕಲಬುರಗಿ ಕಡಿ ಹುಡುಗೂರು ಈಗ ಬ್ಲೆಂಡರ್, ಓಪನ್‌ಟೂನ್ಜ್ ಅನ್ನೋ ಸಾಫ್ಟ್‌ವೇರ್ ಕಲ್ತು ಸಣ್ಣ ಸಣ್ಣ ಅನಿಮೇಷನ್ ಭಾಳ ಚಂದ ಮಾಡ್ಲತ್ತಾರ, ಆದ್ರ ಸೌಂಡ್ ಅಂತ ಬಂದಾಗ ಎಲ್ಲಿಂದೋ ಡೌನ್‌ಲೋಡ್ ಮಾಡಿ ಹಚ್ಚಿಬಿಡ್ತಾರ. ಅದೇ ಢಂ, ಅದೇ ಸುಂಯ್, ಎಲ್ಲಾ ವಿಡಿಯೋದಾಗ ಕೇಳಿದ್ದೇ. ಕಥಿ ನಿಮ್ಮೂರಿಂದು ಇದ್ರ ಸಪ್ಪಳನೂ ನಿಮ್ಮೂರಿಂದೇ ಇರ್ಲಿ.

ಮೊದ್ಲು ವಿಡಿಯೋ ಮ್ಯೂಟ್ ಮಾಡಿ ನೋಡ್ರಿ, ಎಲ್ಲೆಲ್ಲಿ ಏನರೆ ಏನಕ್ಕರೆ ತಾಗ್ತದ, ಬೀಳ್ತದ, ತೆಗಿತದ ಅಂತ ಟೈಮ್ ಸಮೇತ ಬರ್ಕೊಳ್ರಿ. ಎಲ್ಲಕ್ಕೂ ಸೌಂಡ್ ಹಾಕೋದ್ ಬ್ಯಾಡ, ಕಥಿಗಿ ಬೇಕಾದ್ದಕ್ಕಷ್ಟೇ ಸಾಕು.

ಇನ್ನ ರೆಕಾರ್ಡಿಂಗ್. ಮೊಬೈಲ್ ಸಾಕು, ಆದ್ರ ಫ್ಯಾನ್, ಕೂಲರ್ ಬಂದ್ ಮಾಡ್ರಿ. ಬ್ಯಾಸಿಗಿದಾಗ ಕಷ್ಟ ಅದ, ನಸುಕಿನ್ಯಾಗ ಎದ್ದು ಮಾಡಿದ್ರ ಬೀದಿ ಗದ್ದಲನೂ ಇರಲ್ಲ. ಮೊರದಾಗ ತೊಗರಿಬ್ಯಾಳಿ ಹಾಕಿ ಮೆಲ್ಲಕ ತಿರುವ್ರಿ, ಮಳಿ ಬಂದಂಗೇ ಕೇಳ್ತದ. ಒಣ ಕಣಕಿ (ಜ್ವಾಳದ ದಂಟು) ಕೈಯಾಗ ಮುರುದ್ರ ಬೆಂಕಿ ಚಟಚಟ. ಶಹಾಬಾದ್ ಫರಸಿ ಮ್ಯಾಲ ಚಪ್ಪಲಿ ಹಾಕ್ಕೊಂಡು ನಡದ್ರ ಕೋಟೆ ಒಳಗ ನಡದಂಗ ಬರ್ತದ, ಸ್ವಲ್ಪ ರಿವರ್ಬ್, ಅಂದ್ರ ಗುಂಯ್ ಅನ್ನೋ ಮಾರ್ದನಿ ಕೊಡ್ರಿ. ಎಲ್ಲಕ್ಕಿಂತ ನನಗ ಸೇರೋದು ರೊಟ್ಟಿ ಬಡಿಯೋ ಸಪ್ಪಳ: ಹಿಟ್ಟು ದಪ್ಪ ಇದ್ದಾಗ ಧಪ್ ಧಪ್ ಅಂತದ, ತೆಳ್ಳಗ ಆದಂಗ ಆದಂಗ ಕೆಳಗಿನ ಹಲಗಿ ಸಪ್ಪಳ ಸೇರಿ ಟಪ್ ಟಪ್ ಆಗ್ತದ, ಅಂದ್ರ ಒಂದೇ ರೊಟ್ಟಿದಾಗ ಪೈಲ್ವಾನನ ಹೆಜ್ಜಿನೂ ಸಿಕ್ತು, ಸಣ್ಣ ಹುಡುಗನ ಓಟನೂ ಸಿಕ್ತು! ಫೋನ್ ಒಂದ್ ಗೇಣು ದೂರ ಇಡ್ರಿ, ಹಿಟ್ಟು ಹಾರ್ತದ. ಕಡೀಗಿ ಯಾರೂ ಮಾತಾಡ್ದೆ ಅದೇ ಖೋಲಿದು ಅರ್ಧ ನಿಮಿಷ ಖಾಲಿ ರೆಕಾರ್ಡ್ ಮಾಡ್ಕೊಳ್ರಿ, ಆಡಾಸಿಟಿ ಅನ್ನೋ ಸೌಂಡ್ ಎಡಿಟಿಂಗ್ ಸಾಫ್ಟ್‌ವೇರ್‌ದಾಗ ನಾಯ್ಸ್ ರಿಡಕ್ಷನ್‌ಗೆ (ಹಿಂದಿನ ಗದ್ದಲ ತಗಿಯೋದಕ್ಕ) ಅದೇ ಸ್ಯಾಂಪಲ್ ಆಗ್ತದ. ಆ ರಿಡಕ್ಷನ್ ಭಾಳ ಎಳಿಬ್ಯಾಡ್ರಿ, ಸಪ್ಪಳ ನೀರಾಗಿಂದ ಬಂದಂಗ ಆಗ್ತದ.

ಸಪ್ಪಳ ಚಿತ್ರಕ್ಕ ಕೂಡಿಸೋದೇ ಖರೇ ಕೆಲಸ. ಕ್ಲಿಪ್ ಮುಂದಿನ ಖಾಲಿ ಜಾಗ ಕತ್ತರಿಸಿ, ಸಪ್ಪಳದ ಮೊದಲ ಏಟು ಕಾಲು ನೆಲಕ್ಕ ತಾಗೋ ಫ್ರೇಮ್‌ಗೇ ಹಚ್ರಿ. 24 ಎಫ್‌ಪಿಎಸ್ (ಸೆಕೆಂಡಿಗಿ 24 ಫ್ರೇಮ್) ಇದ್ರ ಒಂದು ಫ್ರೇಮ್ ಅಂದ್ರ ಸುಮಾರು 42 ಮಿಲಿಸೆಕೆಂಡ್. ಸೌಂಡ್ ಒಂದ್ ಫ್ರೇಮ್ ತಡ ಆದ್ರ ನಡೀತದ, ಮೊದ್ಲೇ ಬಂದ್ರ ಕಣ್ಣಿಗಿ ಹೊಡೀತದ, ಯಾಕಂದ್ರ ದೂರದ ಸಪ್ಪಳ ತಡ ಮಾಡಿ ಬರೋದು ನಮಗ ರೂಢಿ ಅದ. ಒಂದೇ ಹೆಜ್ಜಿ ಕ್ಲಿಪ್ ಹತ್ ಸಲ ಕಾಪಿ ಮಾಡಬ್ಯಾಡ್ರಿ, ಮಷೀನ್ ಅನಿಸ್ತದ, ಮೂರ್ನಾಕು ಬ್ಯಾರೆ ಬ್ಯಾರೆ ಹೆಜ್ಜಿ ತಗೊಂಡು ಪಿಚ್ (ಸ್ವರದ ಏರಿಳಿತ) ಸ್ವಲ್ಪ ಹೆಚ್ಚು ಕಮ್ಮಿ ಮಾಡ್ರಿ.

ಫೈಲ್ 48 ಕಿಲೋಹರ್ಟ್ಸ್ ವೇವ್ (WAV) ಫಾರ್ಮ್ಯಾಟ್‌ದಾಗ ಇಡ್ರಿ, ಎಂಪಿ3 ಮಾಡಿದ್ರ ಶುರುನ್ಯಾಗ ಒಂದಿಷ್ಟು ಖಾಲಿ ಸೇರ್ಕೊಂಡು ಲೆಕ್ಕ ತಪ್ತದ. ವಾಲ್ಯೂಮ್‌ದಾಗ ಮಾತು ಮುಂದ, ಹೆಜ್ಜಿ ಅದರ ಹಿಂದ, ಮಳಿ ಗಾಳಿ ಎಲ್ಲಕ್ಕಿಂತ ಕೆಳಗ. ಇಯರ್‌ಫೋನ್‌ದಾಗಷ್ಟೇ ಅಲ್ಲ, ಮೊಬೈಲ್ ಸ್ಪೀಕರ್‌ದಾಗೂ ಕೇಳ್ರಿ, ದಪ್ಪನ ಸಪ್ಪಳ ಅಲ್ಲಿ ಮಾಯ ಆಗ್ತಾವ.

ಹುಲಿ ಗರ್ಜನಿ ಅಂಥದ್ದು ಮನ್ಯಾಗ ಸಿಗಲ್ಲ, ಅದಕ್ಕ ಫ್ರೀಸೌಂಡ್ ಅನ್ನೋ ವೆಬ್‌ಸೈಟ್ ಅದ. ಲೈಸೆನ್ಸ್ ಮಾತ್ರ ನೋಡ್ರಿ: ಸಿಸಿ0 (ಮಾಡಿದವ್ರು ಹಕ್ಕು ಬಿಟ್ಟುಕೊಟ್ಟಿದ್ದು) ಇದ್ರ ಹಂಗೇ ಬಳಸ್ಬಹುದು, ಅಟ್ರಿಬ್ಯೂಷನ್ ಅಂತ ಇದ್ರ ಮಾಡಿದವ್ರ ಹೆಸ್ರು ಕಡಿ ಟೈಟಲ್‌ದಾಗ ಹಾಕ್ಲೇಬೇಕು.