ನಿಲ್ಲಿಸಿದ ಕಾರಿನ ಬ್ಯಾಟರಿ ಪದೇ ಪದೇ ಡೌನ್ ಆಗುತ್ತಿದೆಯಾ? ಲೀಕ್ ಹುಡುಕುವುದು ಹೀಗೆ

ಮೂರು ದಿನ ಕಾರು ತೆಗೆದಿರುವುದಿಲ್ಲ. ನಾಲ್ಕನೇ ದಿನ ಬೆಳಗ್ಗೆ ಕೀ ತಿರುಗಿಸಿದರೆ ಟಕ್ ಟಕ್ ಅಂತ ಸದ್ದು ಬರುತ್ತದೆ, ಮೀಟರಿನ ದೀಪಗಳು ಮಂಕಾಗುತ್ತವೆ, ಅಷ್ಟೇ. ಯಾರನ್ನಾದರೂ ಕರೆದು ಜಂಪ್ ಸ್ಟಾರ್ಟ್ ಮಾಡಿಸುತ್ತೀರಿ. ಎರಡು ದಿನ ಸರಿ ಇರುತ್ತದೆ, ಮತ್ತೆ ಅದೇ ಕಥೆ. ಆಗ ಎಲ್ಲರೂ ಹೇಳುವುದು ಒಂದೇ ಮಾತು, ಹೊಸ ಬ್ಯಾಟರಿ ಹಾಕಿಸಿಬಿಡಿ ಅಂತ. ದಯವಿಟ್ಟು ಸ್ವಲ್ಪ ತಡೆಯಿರಿ. ನಾನೂ ಹಾಗೆ ಹಾಕಿಸಿದ್ದೆ, ಆ ಹೊಸ ಬ್ಯಾಟರಿಯೂ ಹದಿನೈದು ದಿನದಲ್ಲಿ ಎರಡು ಸಲ ಮಲಗಿತು. ನಲ್ಲಿ ಸೋರುತ್ತಿರುವಾಗ ಟ್ಯಾಂಕ್ ಬದಲಾಯಿಸಿ ಏನು ಪ್ರಯೋಜನ ಹೇಳಿ?

ಕಾರಣ ಮೂರೇ. ಬ್ಯಾಟರಿಗೆ ವಯಸ್ಸಾಗಿದೆ, ಇಲ್ಲಾ ಅದಕ್ಕೆ ಸರಿಯಾಗಿ ಚಾರ್ಜ್ ಸಿಗುತ್ತಿಲ್ಲ, ಇಲ್ಲಾ ಕಾರು ಆಫ್ ಆದ ಮೇಲೂ ಏನೋ ಒಂದು ಕರೆಂಟ್ ಎಳೆಯುತ್ತಿದೆ. ಇದರಲ್ಲಿ ಯಾವುದು ಅಂತ ತಿಳಿಯಲು ಒಂದು ಸಾಮಾನ್ಯ ಡಿಜಿಟಲ್ ಮಲ್ಟಿಮೀಟರ್ ಸಾಕು. ಅದರಲ್ಲಿ 10 ಆಂಪಿಯರ್ ವರೆಗೆ ಅಳೆಯುವ ತೂತು ಬೇರೆಯೇ ಇರಬೇಕು, ಕೊಳ್ಳುವಾಗ ಅದನ್ನು ನೋಡಿಕೊಳ್ಳಿ.

ಮೊದಲು ವೋಲ್ಟ್ ನೋಡಿ. ಕಾರು ರಾತ್ರಿಯಿಡೀ ನಿಂತಿರಬೇಕು, ಈಗಷ್ಟೇ ಓಡಿಸಿ ಬಂದು ನೋಡಿದರೆ ಅಂಕಿ ಸುಳ್ಳು ಹೇಳುತ್ತದೆ. ಫುಲ್ ಚಾರ್ಜ್ ಇರುವ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸುತ್ತದೆ. 12.2 ಬಂದರೆ ಸುಮಾರು ಅರ್ಧ ಖಾಲಿ, 12ಕ್ಕಿಂತ ಕೆಳಗಿದ್ದರೆ ಹೆಚ್ಚುಕಡಿಮೆ ಪೂರ್ತಿ ಖಾಲಿ. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿ ಮತ್ತೆ ನೋಡಿ, 13.8ರಿಂದ 14.7ರ ಒಳಗೆ ಬಂದರೆ ಸಾಮಾನ್ಯವಾಗಿ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಕರೆಂಟ್ ತಯಾರಿಸುವ ಭಾಗ) ಚಾರ್ಜ್ ಮಾಡುತ್ತಿದೆ ಅಂತ ಅರ್ಥ. 12ರಲ್ಲೇ ನಿಂತಿದ್ದರೆ ಬೆಲ್ಟ್ ಅಥವಾ ಆಲ್ಟರ್ನೇಟರ್ ಕಡೆ ತೋರಿಸಿ, ಮುಂದಿನದ್ದೆಲ್ಲ ಆಮೇಲೆ.

ಬ್ಯಾಟರಿ ಮೂರರಿಂದ ಐದು ವರ್ಷ ಬಾಳುತ್ತದೆ. ನಿಮ್ಮದು ಅದಕ್ಕಿಂತ ಹಳೆಯದಾಗಿದ್ದು, ಫುಲ್ ಚಾರ್ಜ್ ಮಾಡಿದ ಮೇಲೂ ಸೆಲ್ಫ್ ಹೊಡೆಯುವಾಗ 9.6 ವೋಲ್ಟ್‌ಗಿಂತ ಕೆಳಗೆ ಇಳಿಯುತ್ತಿದ್ದರೆ ಅದರ ಕಾಲ ಮುಗಿದಿದೆ, ಬದಲಾಯಿಸಿ. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕೂತಿದ್ದರೆ ಕೇಬಲ್ ಬಿಚ್ಚಿ ಅಡಿಗೆ ಸೋಡಾ ಕಲಸಿದ ನೀರಲ್ಲಿ ಹಳೇ ಬ್ರಷ್ಷಿನಿಂದ ಉಜ್ಜಿ, ಚೆನ್ನಾಗಿ ಒರೆಸಿ, ಮತ್ತೆ ಬಿಗಿ ಮಾಡಿ.

ಈಗ ಅಸಲಿ ವಿಷಯ. ಎಲ್ಲಾ ಆಫ್ ಮಾಡಿ ಲಾಕ್ ಮಾಡಿದ ಕಾರೂ ಸ್ವಲ್ಪ ಕರೆಂಟ್ ತಿನ್ನುತ್ತದೆ. ಗಡಿಯಾರ, ಅಲಾರ್ಮ್, ರಿಮೋಟ್ ಲಾಕ್, ಇವಕ್ಕೆಲ್ಲ ಬೇಕಲ್ವಾ. ಅದು 50 ಮಿಲಿಆಂಪಿಯರ್ ಒಳಗಿದ್ದರೆ ಚಿಂತೆ ಇಲ್ಲ. 45 ಆಂಪಿಯರ್ ಅವರ್ ಬ್ಯಾಟರಿ ಅಂದುಕೊಳ್ಳಿ, 50 ಮಿಲಿಆಂಪಿಯರ್ ಲೆಕ್ಕದಲ್ಲಿ ಅರ್ಧ ಖಾಲಿಯಾಗಲು ಹದಿನೆಂಟು ದಿನ ಹಿಡಿಯುತ್ತದೆ. ಅದೇ ಡಿಕ್ಕಿಯೊಳಗಿನ 5 ವಾಟ್‌ನ ಪುಟಾಣಿ ಬಲ್ಬ್ ಆರದೆ ಉರಿಯುತ್ತಿದ್ದರೆ ಅದೊಂದೇ 400 ಮಿಲಿಆಂಪಿಯರ್ ಎಳೆಯುತ್ತದೆ, ಅರ್ಧ ಖಾಲಿಯಾಗಲು ಎರಡು ದಿನ ಚಿಲ್ಲರೆ ಸಾಕು.

ಅಳೆಯುವ ಮೊದಲು ಸ್ವಲ್ಪ ತಯಾರಿ ಬೇಕು. ಡ್ರೈವರ್ ಬಾಗಿಲು ತೆರೆದೇ ಇರಲಿ, ಆದರೆ ಅದರ ಲಾಕನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿದಂತೆ ಮಾಡಿ, ಆಗ ಬಾಗಿಲು ಹಾಕಿದೆ ಅಂತ ಕಾರು ತಿಳಿಯುತ್ತದೆ. ಫ್ಯೂಸ್ ಬಾಕ್ಸ್ ಕೈಗೆ ಸಿಗಬೇಕಾದ್ದರಿಂದ ಈ ಉಪಾಯ. ಬಾನೆಟ್‌ಗೂ ಸ್ವಿಚ್ ಇದ್ದರೆ ಅದನ್ನೂ ಹೀಗೇ ಒತ್ತಿಡಿ. ಕೀಲೆಸ್ ಕಾರಾದರೆ ಕೀಯನ್ನು ದೂರ ಇಟ್ಟು ಬನ್ನಿ, ಹತ್ತಿರವಿದ್ದರೆ ಕಾರು ಮತ್ತೆ ಮತ್ತೆ ಎಚ್ಚರವಾಗುತ್ತಿರುತ್ತದೆ. ಹೈಬ್ರಿಡ್ ಕಾರಿನಲ್ಲಿ ಕಿತ್ತಳೆ ಬಣ್ಣದ ಕೇಬಲ್‌ಗಳ ತಂಟೆಗೆ ಮಾತ್ರ ಹೋಗಬೇಡಿ.

ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ. ಬ್ಯಾಟರಿಯ ಮೈನಸ್ ಕೇಬಲ್ ಬಿಚ್ಚಿ, ಮೀಟರಿನ ಒಂದು ತುದಿ ಆ ಕೇಬಲ್‌ಗೆ, ಇನ್ನೊಂದು ತುದಿ ಬ್ಯಾಟರಿಯ ಮೈನಸ್‌ಗೆ. ಪ್ಲಸ್ ಮುಟ್ಟಲೇಬೇಡಿ. ಮೀಟರ್ ಹೀಗಿರುವಾಗ ಕಾರು ಸ್ಟಾರ್ಟ್ ಮಾಡುವುದು, ಹೆಡ್‌ಲೈಟ್ ಹಾಕುವುದು ಬೇಡ, ಮೀಟರಿನ ಫ್ಯೂಸ್ ಹೋಗುತ್ತದೆ. ಮೊದಲು ಒಂದೆರಡು ಆಂಪಿಯರ್ ತೋರಿಸಿದರೆ ಗಾಬರಿ ಬೇಡ. ಕೇಬಲ್ ಬಿಚ್ಚಿ ಜೋಡಿಸಿದ್ದಕ್ಕೆ ಕಾರಿನ ಕಂಪ್ಯೂಟರ್‌ಗಳೆಲ್ಲ ಎದ್ದಿರುತ್ತವೆ, ಮತ್ತೆ ಮಲಗಲು ಅರ್ಧ ಗಂಟೆ, ಕೆಲವು ಕಾರುಗಳಲ್ಲಿ ಒಂದು ಗಂಟೆಯೂ ಬೇಕು. ಬಹಳ ಜನ ತಪ್ಪುವುದು ಇಲ್ಲೇ, ಐದು ನಿಮಿಷಕ್ಕೇ ಅಂಕಿ ನೋಡಿ ಸುಮ್ನೆ ಹೆದರುತ್ತಾರೆ.

ಮಲಗಿದ ಮೇಲೂ ಅಂಕಿ 0.05ಕ್ಕಿಂತ (ಅಂದರೆ 50 ಮಿಲಿಆಂಪಿಯರ್‌ಗಿಂತ) ಜಾಸ್ತಿ ಇದ್ದರೆ ಫ್ಯೂಸ್‌ಗಳನ್ನು ಒಂದೊಂದಾಗಿ ಕೀಳಿ, ಮೀಟರ್ ನೋಡಿ, ಅದೇ ಜಾಗಕ್ಕೆ ವಾಪಸ್ ಹಾಕಿ. ಶುರು ಮಾಡುವ ಮೊದಲು ಫ್ಯೂಸ್ ಬಾಕ್ಸಿನ ಫೋಟೋ ತೆಗೆದಿಟ್ಟುಕೊಳ್ಳಿ. ನನ್ನ ಕಾರಿನಲ್ಲಿ ಮೀಟರ್ 0.43ರಲ್ಲಿ ನಿಂತಿತ್ತು, ಹನ್ನೊಂದನೇ ಫ್ಯೂಸ್ ಕಿತ್ತ ತಕ್ಷಣ 0.03ಕ್ಕೆ ಇಳಿಯಿತು. ಒಳಗಿನ ದೀಪಗಳ ಫ್ಯೂಸ್ ಅದು. ಮೊಬೈಲಿನಲ್ಲಿ ವಿಡಿಯೋ ಆನ್ ಮಾಡಿ ಡಿಕ್ಕಿಯೊಳಗಿಟ್ಟು ಬಾಗಿಲು ಹಾಕಿದೆ. ಹೊರತೆಗೆದು ನೋಡಿದರೆ ಡಿಕ್ಕಿ ಮುಚ್ಚಿದ ಮೇಲೂ ಬಲ್ಬ್ ಉರಿಯುತ್ತಲೇ ಇತ್ತು. ಡಿಕ್ಕಿಯ ಲಾಕಿನಲ್ಲಿರುವ ಸ್ವಿಚ್ ಧೂಳಿಗೆ ಅಂಟಿಕೊಂಡಿತ್ತು, ಕ್ಲೀನ್ ಮಾಡಿದ ಮೇಲೆ ಸರಿಹೋಯಿತು.

ಫ್ಯೂಸ್ ಕೀಳುವುದು ಬೇಡ ಅನಿಸಿದರೆ ಇನ್ನೊಂದು ದಾರಿಯಿದೆ, ಹೊಸ ಕಾರುಗಳಿಗೆ ಇದೇ ಒಳ್ಳೆಯದು. ಮೈನಸ್ ಕೇಬಲ್ ಮಾಮೂಲಿನಂತೆ ಜೋಡಿಸಿ, ಕೆಂಪು ವೈರನ್ನು ವೋಲ್ಟ್ ತೂತಿಗೆ ಬದಲಾಯಿಸಿ, ಕಾರು ಮತ್ತೆ ಮಲಗುವವರೆಗೆ ಕಾಯಿರಿ. ಫ್ಯೂಸಿನ ತಲೆ ಮೇಲೆ ಎರಡು ಸಣ್ಣ ಲೋಹದ ಚುಕ್ಕಿಗಳಿರುತ್ತವೆ, ಮೀಟರನ್ನು ಮಿಲಿವೋಲ್ಟ್‌ಗೆ ತಿರುಗಿಸಿ ಅವೆರಡಕ್ಕೆ ಮುಟ್ಟಿಸಿ. ಸೊನ್ನೆ ಬಂದರೆ ಅದರಲ್ಲಿ ಕರೆಂಟ್ ಹರಿಯುತ್ತಿಲ್ಲ.

ಸಾಮಾನ್ಯವಾಗಿ ಸಿಕ್ಕಿಬೀಳುವುದು ಆಮೇಲೆ ಹಾಕಿಸಿದ ಸಾಮಾನು: ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರ್, ವೈರಿಂಗ್ ಸರಿಯಿಲ್ಲದ ಸ್ಟೀರಿಯೋ. ಅವನ್ನೇ ಮೊದಲು ಬಿಚ್ಚಿ ನೋಡಿ. ಯಾವ ಫ್ಯೂಸಿಗೂ ಅಂಕಿ ಇಳಿಯದಿದ್ದರೆ ಆಲ್ಟರ್ನೇಟರ್ ಒಳಗಿನ ಡಯೋಡ್ ಹಾಳಾಗಿರಬಹುದು, ಅದು ಆಟೋ ಎಲೆಕ್ಟ್ರಿಷಿಯನ್ ಕೆಲಸ.

ಲೀಕ್ ಸಿಕ್ಕಿದ ಮೇಲೆ ಬ್ಯಾಟರಿಯನ್ನು ಚಾರ್ಜರ್ ಹಾಕಿ ಪೂರ್ತಿ ಚಾರ್ಜ್ ಮಾಡಿ. ಸುಮ್ನೆ ಹತ್ತು ನಿಮಿಷ ಎಂಜಿನ್ ಆನ್ ಇಟ್ಟರೆ ಸೆಲ್ಫ್ ಹೊಡೆದಾಗ ಖರ್ಚಾದದ್ದು ಬಂದರೆ ಹೆಚ್ಚು. ಖಾಲಿ ಬ್ಯಾಟರಿಯನ್ನು ವಾರಗಟ್ಟಲೆ ಹಾಗೇ ಬಿಟ್ಟರೆ ಒಳಗಿನ ಪ್ಲೇಟ್‌ಗಳ ಮೇಲೆ ಗಟ್ಟಿ ಪದರ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನಂತೆ ಹಿಡಿಯುವುದಿಲ್ಲ.

ತಿಂಗಳುಗಟ್ಟಲೆ ಕಾರು ನಿಲ್ಲಿಸುವುದಾದರೆ ಮೈನಸ್ ಕೇಬಲ್ ಬಿಚ್ಚಿಡಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಕೇಬಲ್ ಬಿಚ್ಚಿದರೆ ರಿಮೋಟ್‌ಗೆ ಬಾಗಿಲು ತೆರೆಯುವುದಿಲ್ಲ, ಹಾಗಾಗಿ ಮಾಮೂಲಿ ಕೀ ಬಾಗಿಲಿಗೆ ಸರಿಯಾಗಿ ತಿರುಗುತ್ತದಾ ಅಂತ ಮೊದಲೇ ಒಂದು ಸಲ ನೋಡಿಕೊಳ್ಳಿ.